ಎರಡು ಸಲ ತಟ್ಟಿದರೆ ಬಿಡಬೇಕು

(ಹಾಸನದಲ್ಲಿ ತಾಯಂದಿರು ಮತ್ತು ಕಾಲೇಜು ಹುಡುಗಿಯರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ನೀವು ಕೊನೆಯ ಸಲ ಹೊಟ್ಟೆಯೊಳಗಿಂದ ಕೂಗಿದ್ದು ಯಾವಾಗ? ಮಕ್ಕಳನ್ನು ಊಟಕ್ಕೆ ಕರೆದದ್ದು ಲೆಕ್ಕಕ್ಕಿಲ್ಲ. ಸೊಪ್ಪಿನ ಗಾಡಿ ಮುಂದೆ ಹೋಗಿಬಿಡುತ್ತೆ ಅಂತ ಕೂಗಿದ್ದೂ ಬೇಡ. ಎದುರಿಗೆ ನಿಂತ ಮನುಷ್ಯನ ಮುಖ ನೋಡಿಕೊಂಡು "ನಿಲ್ಲು" ಅಂತ ಕೂಗಿದ್ದು. ಒಂದು ಕೈಯೂ ಮೇಲೇಳಲಿಲ್ಲ ನೋಡಿ.

36ನೇ ವಯಸ್ಸಿನವರೆಗೆ ನಾನೂ ಹಾಗೆ ಕೂಗಿದವಳಲ್ಲ. ಕರಾಟೆ ಕ್ಲಾಸಿಗೆ ಸೇರಿಸಿದ್ದು ಮಗಳನ್ನು. ಆಗ ಅವಳು ಮೂರನೇ ಕ್ಲಾಸು. ಸಾಲಗಾಮೆ ರಸ್ತೆ ಕಡೆ, ಅಂಗಡಿಯೊಂದರ ಮಹಡಿ ಮೇಲಿನ ಹಾಲ್. ವಾರಕ್ಕೆ ಮೂರು ಸಂಜೆ. ನಾನು ಗೋಡೆ ಪಕ್ಕದ ಬೆಂಚಿನ ಮೇಲೆ ಅವಳ ಚಪ್ಪಲಿ, ನೀರಿನ ಬಾಟಲಿ ಹಿಡಿದು ಕೂರುತ್ತಿದ್ದೆ. ಎರಡು ತಿಂಗಳು ಹೀಗೇ ಆಯಿತು. ಒಂದು ದಿನ ಮಾಸ್ಟರ್ ಬಂದು, "ಮೇಡಂ, ಒಂದು ಗಂಟೆ ಸುಮ್ನೆ ಕೂತಿರ್ತೀರಲ್ಲ, ಬಂದು ಹಿಂದಿನ ಸಾಲಲ್ಲಿ ನಿಂತ್ಕೊಳ್ಳಿ" ಅಂದರು. ಚೂಡಿದಾರದ ವೇಲನ್ನು ಬೆಂಚಿನ ಮೇಲಿಟ್ಟು ಹೋಗಿ ನಿಂತೆ. ಮುಂದೆ ಎಂಟು ವರ್ಷದ ಮಕ್ಕಳು. ಇಚಿ, ನಿ, ಸಾನ್ ಅಂತ ಜಪಾನಿ ಎಣಿಕೆ. ಹತ್ತನೆಯ ಪಂಚಿಗೆ ಎಲ್ಲರೂ ಒಟ್ಟಿಗೆ ಕೂಗಬೇಕು. ಅದಕ್ಕೆ ಕಿಯಾಯ್ ಅನ್ನುತ್ತಾರೆ. ಮಕ್ಕಳು ಹಾಲ್ ನಡುಗುವ ಹಾಗೆ ಕೂಗಿದರು. ನಾನು ಬಾಯಿ ತೆರೆದೆ. ದನಿ ಬರಲಿಲ್ಲ.

ಆ ದಿನ ಒಂದೇ ಅಲ್ಲ, ಸುಮಾರು ಮೂರು ವಾರ ಬರಲಿಲ್ಲ. ಕೈ ಹೇಳಿದ ಹಾಗೆ ಕೇಳುತ್ತಿತ್ತು, ಕಾಲು ತಕ್ಕಮಟ್ಟಿಗೆ ಕೇಳುತ್ತಿತ್ತು. ಗಂಟಲು ಮಾತ್ರ ಕಟ್ಟಿಕೊಳ್ಳುತ್ತಿತ್ತು. ಕೊನೆಗೆ ಬಂದ ದಿನ ನನ್ನ ಕೈ ನಡುಗಿತು, ಕಣ್ಣು ತುಂಬಿಕೊಂಡಿತು. ಯಾಕೆ ಅಂತ ಆಗ ತಿಳಿಯಲಿಲ್ಲ. ಇವತ್ತು ಒಂಬತ್ತು ವರ್ಷ ಆದ ಮೇಲೆ, ಅದೇ ಕ್ಲಾಸಿನಲ್ಲಿ ಹೊಸದಾಗಿ ಬರುವ ಹೆಂಗಸರಿಗೆ ಹೇಳಿಕೊಡುವಾಗ ತಿಳಿಯುತ್ತಿದೆ. ಹತ್ತರಲ್ಲಿ ಏಳು ಜನಕ್ಕೆ ಹೀಗೇ ಆಗುತ್ತದೆ. ಹೊಡೆಯೋದು ಕಷ್ಟ ಅಂದುಕೊಂಡು ಬಂದಿರುತ್ತಾರೆ. ಕಷ್ಟವಾಗೋದು ಕೂಗೋದು.

ಕಿಯಾಯ್ ಅನ್ನೋದು ಆರ್ಭಟ ಅಲ್ಲ, ಉಸಿರು. ಹೆದರಿದಾಗ ಮೈ ಮಾಡುವ ಮೊದಲ ಕೆಲಸ ಉಸಿರು ಹಿಡಿಯೋದು. ಉಸಿರು ಹಿಡಿದರೆ ಭುಜ ಮೇಲೇರುತ್ತದೆ, ಮಂಡಿ ಸೆಟೆದುಕೊಳ್ಳುತ್ತದೆ, ಮಾತು ಒಳಗೇ ನಿಲ್ಲುತ್ತದೆ. ಕೂಗಬೇಕಾದರೆ ಉಸಿರು ಹೊರಗೆ ಬಿಡಲೇಬೇಕು. ಬಿಟ್ಟ ಕೂಡಲೇ ಹೊಟ್ಟೆ ಬಿಗಿಯಾಗುತ್ತದೆ, ಕಾಲಿಗೆ ಮತ್ತೆ ಚಲನೆ ಬರುತ್ತದೆ. ಎದುರಿಗಿರುವವನು ಒಂದು ಕ್ಷಣ ತಡವರಿಸುತ್ತಾನೆ, ಸುತ್ತ ಇರುವವರು ತಿರುಗಿ ನೋಡುತ್ತಾರೆ. ಒಂದು ಕೂಗು ಇಷ್ಟು ಕೆಲಸ ಮಾಡುತ್ತದೆ.

ಇದನ್ನು ಹಾಸನದವರಿಗೆ ಬೇರೆ ದೇಶದ ಮಾತಿನಲ್ಲಿ ಹೇಳಬೇಕಾಗಿಲ್ಲ. ನಾವೆಲ್ಲ ಬೇಲೂರಿಗೆ ಹೋಗಿದ್ದೇವೆ. ಗುಡಿ ಮುಂದೆ ಸಳ ಆ ಮೃಗದ ಎದುರು ನಿಂತಿರುವ ಶಿಲ್ಪ ನೋಡಿದ್ದೇವೆ. ಕಥೆ ನಡೆದದ್ದು ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ಅಂತ ಹೇಳುತ್ತಾರೆ. ಆಗ ಅದರ ಹೆಸರು ಸೊಸೆವೂರು. ಹುಲಿ ಮೇಲೆ ಬಿದ್ದಾಗ ಸುದತ್ತ ಮುನಿ ಕೂಗಿದ್ದು "ಹೊಯ್, ಸಳ!" ಹೊಡಿ ಸಳ ಅಂತ. ಅದು ದಂತಕಥೆ, ಇರಲಿ. ಆದರೆ ಅದರಲ್ಲಿ ಕೂಗು ಮೊದಲು ಬರುತ್ತದೆ, ಏಟು ಆಮೇಲೆ ಬರುತ್ತದೆ. ನಮ್ಮ ನಾಡನ್ನು ಆಳಿದ ಒಂದು ಮನೆತನದ ಹೆಸರೇ ಒಂದು ಕೂಗು. ಕ್ಲಾಸಿನಲ್ಲಿ ಚಿಕ್ಕ ಮಕ್ಕಳಿಗೆ ನಾನು ಈ ಕಥೆ ಹೇಳುತ್ತೇನೆ. ಆಮೇಲೆ ಅವರ ದನಿ ಬೇರೆಯದೇ ಆಗಿರುತ್ತದೆ.

ನನ್ನ ಗಂಟಲು ಯಾಕೆ ಕಟ್ಟಿತ್ತು ಅನ್ನೋದನ್ನೂ ಹೇಳುತ್ತೇನೆ. ಈ ಹುಡುಗಿಯರು ಕೂತಿದ್ದಾರೆ ಅಂತಲೇ ಹೇಳುತ್ತಿದ್ದೇನೆ. 19ನೇ ವಯಸ್ಸಿನಲ್ಲಿ ನಾನು ಹಾಸನದ ಕಾಲೇಜಿಗೆ ಅರಕಲಗೂಡು ಕಡೆಯ ನಮ್ಮ ಊರಿಂದ ಓಡಾಡುತ್ತಿದ್ದೆ. ಸಂಜೆ ಬಸ್ಸು, ನಿಲ್ಲಲೂ ಜಾಗವಿಲ್ಲ. ಹಿಂದೆ ನಿಂತವನೊಬ್ಬ ಅರ್ಧ ಗಂಟೆ ಮೈಮೇಲೆ ಕೈಯಾಡಿಸಿದ. ನಾನು ಕಂಬಿ ಹಿಡಿದು ಕಲ್ಲಿನ ಹಾಗೆ ನಿಂತಿದ್ದೆ. ನಮ್ಮ ಊರಿಗೆ ಎರಡು ಸ್ಟಾಪು ಮೊದಲೇ ಇಳಿದು ಕತ್ತಲಲ್ಲಿ ನಡೆದುಕೊಂಡು ಹೋದೆ. ಅವ್ವನಿಗೆ ಬಸ್ಸು ಕೆಟ್ಟಿತ್ತು ಅಂದೆ. ಎಷ್ಟೋ ವರ್ಷ ನನ್ನನ್ನೇ ಬೈದುಕೊಂಡಿದ್ದೇನೆ. ಯಾಕೆ ಸುಮ್ಮನಿದ್ದೆ, ಯಾಕೆ ಕೈ ಎತ್ತಲಿಲ್ಲ ಅಂತ.

ಹಾಗೆ ಕಲ್ಲಾಗೋದು ಹೇಡಿತನ ಅಲ್ಲ, ಒಪ್ಪಿಗೆಯಂತೂ ಅಲ್ಲವೇ ಅಲ್ಲ. ಅಪಾಯ ಕಂಡಾಗ ಮೈ ಮೂರು ದಾರಿ ಹಿಡಿಯುತ್ತದೆ. ಓಡುತ್ತದೆ, ತಿರುಗಿ ಬೀಳುತ್ತದೆ, ಇಲ್ಲವೇ ಅಲ್ಲಾಡದೆ ನಿಂತುಬಿಡುತ್ತದೆ. ಯಾವ ದಾರಿ ಅಂತ ಆರಿಸಿಕೊಳ್ಳಲು ಅದು ನಮ್ಮನ್ನು ಕೇಳಲ್ಲ. ಬೆಕ್ಕಿನ ಬಾಯಿಗೆ ಸಿಕ್ಕ ಅಳಿಲು ಸತ್ತ ಹಾಗೆ ಬೀಳುವುದನ್ನು ನೀವು ನೋಡಿರಬಹುದು. ಅದೇ ಇದು. ಇವತ್ತು ಇಲ್ಲಿ ಯಾರಿಗಾದರೂ ಅಂಥ ನೆನಪು ಇದ್ದರೆ, ನಿಮ್ಮ ತಪ್ಪು ಅಂತ ಅಂದುಕೊಳ್ಳಬೇಡಿ. ತಪ್ಪು ಕೈಯಾಡಿಸಿದವನದು.

ಅಭ್ಯಾಸ ಮಾಡೋದು ಯಾಕೆ ಅಂದರೆ ಮೈಗೆ ಇನ್ನೊಂದು ದಾರಿ ರೂಢಿಯಾಗಲಿ ಅಂತ. ಸಾವಿರ ಸಲ ಹೆಜ್ಜೆ ಹಿಂದಿಟ್ಟು, ಕೈ ಮುಂದೆ ತಂದು, "ನಿಲ್ಲು" ಅಂತ ಕೂಗಿದ್ದರೆ, ಸಾವಿರದ ಒಂದನೇ ಸಲ ತಲೆ ಯೋಚನೆ ಮಾಡುವ ಮೊದಲೇ ಅದು ಬರುವ ಸಾಧ್ಯತೆ ಇರುತ್ತದೆ. ಖಾತ್ರಿ ಅಂತ ಹೇಳಲ್ಲ. ಸಾಧ್ಯತೆ ಜಾಸ್ತಿಯಾಗುತ್ತದೆ. ನಾಲ್ಕು ವರ್ಷದ ಹಿಂದೆ ಇನ್ನೊಂದು ಬಸ್ಸಿನಲ್ಲಿ ನನ್ನ ಮುಂದೆ ನಿಂತಿದ್ದ ಕಾಲೇಜು ಹುಡುಗಿಯ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಅವಳ ಹಿಂದೆ ನಿಂತವನಿಗೆ "ಕೈ ತೆಗೀರಿ, ಹಿಂದೆ ಸರೀರಿ" ಅಂದೆ. ಹೊಟ್ಟೆಯಿಂದ ಬಂತು. ಬಸ್ಸು ಪೂರ್ತಿ ತಿರುಗಿತು. ಅವನು ಮುಂದಿನ ಸ್ಟಾಪಿನಲ್ಲಿ ಇಳಿದ. ಒಂದು ಏಟೂ ಹೊಡೆಯಲಿಲ್ಲ. ಒಂಬತ್ತು ವರ್ಷದ ಕರಾಟೆಯಲ್ಲಿ ನಾನು ಹೊರಗೆ ಬಳಸಿದ್ದು ಇಷ್ಟೇ, ಮತ್ತೆ ಬೀಳೋದು. ಬೀಳೋದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಸ್ವಲ್ಪ ಕಷ್ಟದ ಮಾತು. ಆತ್ಮರಕ್ಷಣೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಕತ್ತಲೆ ರಸ್ತೆ, ಗುರುತಿಲ್ಲದ ಗಂಡಸು. ನಮ್ಮ ದೇಶದ ಅಪರಾಧ ದಾಖಲೆ ಬ್ಯೂರೋ ವರ್ಷವರ್ಷ ಕೊಡುವ ಲೆಕ್ಕ ಬೇರೆ ಹೇಳುತ್ತದೆ. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಆರೋಪಿಗಳು ಪರಿಚಿತರೇ. ನೆಂಟ, ನೆರೆಯವ, ಗೆಳೆಯ, ಕೆಲಸ ಕೊಟ್ಟವ. ಗುರುತಿಲ್ಲದವನ ಮೇಲೆ ಕೂಗೋದು ಸುಲಭ. "ಯಾಕಮ್ಮ, ನಾನು ನಿಮ್ಮ ಮಾವ ಅಲ್ವಾ" ಅನ್ನುವವನ ಮೇಲೆ ಹೇಗೆ ಕೂಗುತ್ತೀರಿ? ಕಾಫಿ ಕುಡಿದು ಹೋದವನಿಗೆ ಬಾಗಿಲು ಹಾಕೋದು ಹೇಗೆ? ಪಂಚು, ಕಿಕ್ಕು ಕಲಿಸಿ ಈ ಮಾತು ಬಿಟ್ಟ ಕ್ಲಾಸು ಅರ್ಧ ಕ್ಲಾಸು ಅಂತ ನನ್ನ ಅಭಿಪ್ರಾಯ.

ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಸುಮಾರು 900 ಹುಡುಗಿಯರ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ 12 ಗಂಟೆಯ ತರಬೇತಿ. ಉಳಿದವರಿಗೆ ಬರೀ ಕರಪತ್ರ. ಒಂದು ವರ್ಷದ ನಂತರ ನೋಡಿದಾಗ, ಕರಪತ್ರ ಪಡೆದವರಲ್ಲಿ ಅತ್ಯಾಚಾರಕ್ಕೆ ಒಳಗಾದವರು ನೂರಕ್ಕೆ ಸುಮಾರು ಹತ್ತು. ತರಬೇತಿ ಪಡೆದವರಲ್ಲಿ ಸುಮಾರು ಐದು. ಐದು ಕೂಡ ಕಮ್ಮಿ ಅಲ್ಲ, ನನಗೆ ಗೊತ್ತು. ಆದರೆ ಅರ್ಧಕ್ಕೆ ಇಳಿಯಿತಲ್ಲ. ಆ 12 ಗಂಟೆಯಲ್ಲಿ ಕೈಕಾಲಿನ ಕಸರತ್ತು ಒಂದು ಭಾಗ ಮಾತ್ರ. ಉಳಿದದ್ದು ಪರಿಚಿತನ ನಡೆಯಲ್ಲಿ ಅಪಾಯದ ಸುಳಿವು ಬೇಗ ಹಿಡಿಯೋದು, "ಅವನಿಗೆ ಬೇಜಾರಾಗುತ್ತೇನೋ" ಅನ್ನುವ ಸಂಕೋಚವನ್ನು ದಾಟೋದು, ಬಾಯಿ ಬಿಟ್ಟು ಬೇಡ ಅನ್ನೋದು.

ಇಲ್ಲಿಗೆ ನನಗೆ ತುಂಬಾ ಮುಖ್ಯವಾದ ವಿಷಯಕ್ಕೆ ಬಂದೆ. ನಮ್ಮ ಕ್ಲಾಸಿನಲ್ಲಿ ಕರಾಟೆಯ ಜೊತೆಗೆ ಜೂಡೋದಿಂದ ಬಂದ ಕೆಲವು ಹಿಡಿತ, ಬೀಗಗಳನ್ನೂ ಕಲಿಸುತ್ತಾರೆ. ಕೈ ತಿರುಚೋದು, ಕುತ್ತಿಗೆ ಹಿಡಿಯೋದು. ಕಲಿಯುವಾಗ ಜೊತೆಗಾರನ ಮೇಲೇ ಮಾಡಬೇಕು. ನೋವು ಮಿತಿ ದಾಟುವ ಮೊದಲೇ ಅವನು ಅಂಗೈಯಿಂದ ಎರಡು ಸಲ ತಟ್ಟುತ್ತಾನೆ. ನೆಲಕ್ಕೆ, ಇಲ್ಲ ನಿಮ್ಮ ಮೈಗೆ. ತಟ್ಟಿದ ಕೂಡಲೇ ಬಿಡಬೇಕು. "ಇನ್ನೊಂದು ಚೂರು" ಇಲ್ಲ. "ನಿಜವಾಗ್ಲೂ ನೋಯ್ತಾ?" ಅನ್ನೋ ಪ್ರಶ್ನೆ ಇಲ್ಲ. ಬೆಲ್ಟ್ ಯಾವ ಬಣ್ಣದ್ದಾದರೂ ಸರಿ, ಆರು ವರ್ಷದ ಮಗು ತಟ್ಟಿದರೂ ಮಾಸ್ಟರ್ ಬಿಡುತ್ತಾರೆ. ಈ ನಿಯಮ ಮುರಿದವನನ್ನು ಆ ದಿನ ಹೊರಗೆ ಕೂರಿಸುತ್ತಾರೆ. ಎರಡನೇ ಸಲ ಮುರಿದರೆ ಮನೆಯವರನ್ನು ಕರೆಸುತ್ತಾರೆ.

ಮೊದಲು ಇದು ನನಗೆ ಸುರಕ್ಷತೆಯ ನಿಯಮ ಅಂತ ಮಾತ್ರ ಕಂಡಿತ್ತು. ಮಗಳು ಬೇರೆ ತೋರಿಸಿದಳು. ಅವಳಿಗೆ ಹತ್ತು ವರ್ಷ ಇರಬಹುದು. ಹಬ್ಬಕ್ಕೆ ಮನೆ ತುಂಬಾ ನೆಂಟರು. ನನ್ನ ಮೈದುನ, ಅವಳನ್ನು ಪ್ರಾಣದಂತೆ ಪ್ರೀತಿಸುವವರು, ಕಚಗುಳಿ ಇಡುತ್ತಿದ್ದರು. ಮಗಳು ನಗುತ್ತಿದ್ದಳು. ನಗುತ್ತಲೇ ಅವರ ತೋಳಿನ ಮೇಲೆ ಎರಡು ಸಲ ತಟ್ಟಿದಳು. ಅವರಿಗೇನು ಗೊತ್ತು, ಮುಂದುವರಿಸಿದರು. ಮತ್ತೆ ತಟ್ಟಿದಳು. ಆಮೇಲೆ ನಗು ನಿಲ್ಲಿಸಿ ಗಟ್ಟಿಯಾಗಿ, "ಚಿಕ್ಕಪ್ಪ, ತಟ್ಟಿದ್ರೆ ಬಿಡ್ಬೇಕು" ಅಂದಳು. ಮನೆಯೆಲ್ಲ ಸುಮ್ಮನಾಯಿತು. ಅತ್ತೆ, "ಏನೇ ಅದು, ದೊಡ್ಡವರ ಮೇಲೆ ದನಿ ಎತ್ತೋದು" ಅಂದರು. ನನಗೂ ಒಂದು ಕ್ಷಣ ನಾಚಿಕೆಯಾಯಿತು, ಅವಳನ್ನು ಗದರಿಸಲು ಬಾಯಿಗೆ ಬಂದಿತ್ತು. ಆದರೆ ಮೈದುನ ತಕ್ಷಣ ಕೈ ಹಿಂದೆ ತೆಗೆದುಕೊಂಡು, "ಸರಿ ಪುಟ್ಟಿ, ಬಿಟ್ಟೆ" ಅಂದರು. ಅವರ ದೊಡ್ಡತನ ಅದು. ಆವತ್ತಿಂದ ನಮ್ಮ ಮನೆಯಲ್ಲಿ ಅದೇ ನಿಯಮ. ಕೆನ್ನೆ ಹಿಂಡೋದಿರಲಿ, ಮುತ್ತು ಕೊಡೋದಿರಲಿ, ಮಗು ತಟ್ಟಿದರೆ ಬಿಡಬೇಕು. ಈಗ ಅತ್ತೆಯೇ ಚಿಕ್ಕ ಮೊಮ್ಮಕ್ಕಳಿಗೆ ಹೇಳಿಕೊಡುತ್ತಾರೆ.

ಯೋಚನೆ ಮಾಡಿ. ಪ್ರೀತಿಸುವ ಚಿಕ್ಕಪ್ಪನಿಗೆ ಬೇಡ ಅಂದು, ಅದಕ್ಕೆ ಬೆಲೆ ಸಿಕ್ಕಿದ್ದನ್ನು ನೋಡಿದ ಮಗು, ನಾಳೆ ಕೆಟ್ಟ ಮನಸ್ಸಿನವನೊಬ್ಬ ಮುಟ್ಟಿದಾಗ ಬೇಡ ಅನ್ನಬಲ್ಲದು. ಅವನು ಬಿಡದೇ ಹೋದರೆ, ಇದು ಸರಿಯಿಲ್ಲ ಅಂತ ಅದಕ್ಕೆ ಕೂಡಲೇ ಗೊತ್ತಾಗುತ್ತದೆ, ಬಂದು ಹೇಳುತ್ತದೆ. ನಾವು ದಿನಾ ಮಗುವಿನ ಬೇಡವನ್ನು ನಗುತ್ತಾ ತಳ್ಳಿಹಾಕಿ, ಆಮೇಲೆ ಕರಾಟೆ ಕ್ಲಾಸಿಗೆ ಸೇರಿಸಿದರೆ ಏನು ಕಲಿಯುತ್ತದೆ?

ಗಂಡುಮಕ್ಕಳ ತಾಯಂದಿರು ಇಲ್ಲಿ ಜಾಸ್ತಿ ಇದ್ದೀರಿ ಅಂತ ಕಾಣುತ್ತೆ. ನಿಮ್ಮ ಮಕ್ಕಳಿಗೆ ಈ ನಿಯಮ ಇನ್ನೂ ಜಾಸ್ತಿ ಬೇಕು. ನಮ್ಮ ಕ್ಲಾಸಿಗೆ ಒಬ್ಬ ಹುಡುಗ ಬಂದಿದ್ದ, ಏಳನೇ ತರಗತಿ, ಮೈಕಟ್ಟು ಗಟ್ಟಿ. ಶಾಲೆಯಲ್ಲಿ ಹೊಡೆದಾಟ ಅಂತಲೇ ಅಪ್ಪ ತಂದು ಬಿಟ್ಟಿದ್ದರು. ಮೊದಲ ತಿಂಗಳು ಅವನು ಯಾರು ತಟ್ಟಿದರೂ ಅರ್ಧ ಕ್ಷಣ ತಡಮಾಡಿ ಬಿಡುತ್ತಿದ್ದ. ಆ ಅರ್ಧ ಕ್ಷಣದಲ್ಲಿ ಅವನಿಗೊಂದು ಖುಷಿ. ಮಾಸ್ಟರ್ ಬೈಯಲಿಲ್ಲ. ಅವನನ್ನು ನನ್ನ ಜೊತೆ ಹಾಕಿದರು. ನಾನು ಬೀಗ ಹಾಕುವೆ, ಅವನು ತಟ್ಟಿದ ಕೂಡಲೇ ಬಿಡುವೆ. ವಾರಗಟ್ಟಲೆ ಅದೇ ನಡೆಯಿತು. ಬಿಡುಗಡೆ ಎಷ್ಟು ಬೇಗ ಸಿಗುತ್ತೆ ಅನ್ನೋದು ಅವನ ಮೈಗೆ ತಿಳಿಯಿತು. ನಿಧಾನಕ್ಕೆ ಅವನ ಕೈಯೂ ಬೇಗ ಬಿಡಲು ಕಲಿಯಿತು. ಈಗ ಚಿಕ್ಕ ಮಕ್ಕಳನ್ನು ಜೊತೆ ಹಾಕುವಾಗ ನಾವು ಮೊದಲು ಕರೆಯೋದು ಅವನನ್ನೇ.

ಬೀಳೋದರ ಬಗ್ಗೆ ಹೇಳುತ್ತೇನೆ ಅಂದೆ. ಜೂಡೋ ಕಟ್ಟಿದವರು ಜಿಗೊರೊ ಕಾನೋ. 1882ರಲ್ಲಿ ಟೋಕಿಯೋದಲ್ಲಿ ಕೊಡೋಕಾನ್ ಅನ್ನುವ ಶಾಲೆ ಶುರು ಮಾಡಿದರು. ಅಲ್ಲಿಂದ ಇವತ್ತಿನವರೆಗೂ ಜೂಡೋ ಕಲಿಯುವವರಿಗೆ ಎಸೆಯೋದಕ್ಕಿಂತ ಮೊದಲು ಬೀಳೋದನ್ನು ಕಲಿಸುತ್ತಾರೆ. ಗಲ್ಲ ಎದೆಗೆ ಒತ್ತಬೇಕು, ತಲೆ ಹಿಂದಕ್ಕೆ ಬಡಿಯಬಾರದು. ಬೆನ್ನು ಚೆಂಡಿನ ಹಾಗೆ ಗುಂಡಗೆ. ಅಂಗೈ ಊರಿ ತಡೆಯಲು ಹೋಗಬಾರದು, ಮಣಿಕಟ್ಟು ಮುರಿಯುತ್ತದೆ. ಬದಲಿಗೆ ಪೂರ್ತಿ ತೋಳಿನಿಂದ ನೆಲಕ್ಕೆ ಹೊಡೆದು ಏಟನ್ನು ಹಂಚಿಬಿಡಬೇಕು. ಬೀಳುತ್ತಾ ಉಸಿರು ಬಿಡಬೇಕು. ಮತ್ತೆ ಉಸಿರಿಗೇ ಬಂದೆವು ನೋಡಿ.

ಹೋದ ವರ್ಷ ಆಷಾಢದ ಮಳೆಯಲ್ಲಿ ನಮ್ಮ ಹಿತ್ತಲಿನ ಕಲ್ಲುಚಪ್ಪಡಿ ಮೇಲೆ ಪಾಚಿ ಕಟ್ಟಿತ್ತು. ಒಗೆದ ಬಟ್ಟೆ ಬಕೆಟ್ ಹಿಡಿದು ಕಾಲಿಟ್ಟೆ, ಎರಡೂ ಕಾಲು ಮೇಲೆ. ನೆಲಕ್ಕೆ ಬೀಳುವಷ್ಟರಲ್ಲಿ ಗಲ್ಲ ತಾನಾಗಿ ಎದೆಗೆ ಅಂಟಿತ್ತು, ತೋಳು ತಾನಾಗಿ ನೆಲಕ್ಕೆ ಹೊಡೆದಿತ್ತು. ಸೊಂಟ ನಾಲ್ಕು ದಿನ ನೋಯಿತು, ತಲೆಗೆ ಏನೂ ಆಗಲಿಲ್ಲ. ಮಲೆನಾಡಿನ ಅಂಚಿನಲ್ಲಿ ಬದುಕುವ ನಮಗೆ ಜೀವನದಲ್ಲಿ ಕಳ್ಳ ಎದುರಾಗದೇ ಇರಬಹುದು, ಪಾಚಿ ಎದುರಾಗೇ ಆಗುತ್ತದೆ. ಐವತ್ತು ದಾಟಿದವರು ಯಾರಾದರೂ ನನಗೇಕೆ ಈ ವಿದ್ಯೆ ಅಂದರೆ, ಬೀಳೋದಕ್ಕಾದರೂ ಬನ್ನಿ ಅಂತ ಕರೆಯುತ್ತೇನೆ. ಮಂಡಿನೋವು, ಬಿಪಿ ಇದ್ದವರು ಡಾಕ್ಟರನ್ನು ಕೇಳಿ ಬನ್ನಿ. ದಪ್ಪ ಮ್ಯಾಟ್ ಮೇಲೆ, ಕೂತಲ್ಲಿಂದಲೇ ಶುರು ಮಾಡಿಸುತ್ತೇವೆ.

ನಮ್ಮ ತಾತ ಗರಡಿ ಸಾಮು ಮಾಡಿದವರು. ಊರಿನ ಗರಡಿ ಮನೆಯ ಕೆಂಪು ಮಟ್ಟಿಗೆ ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುತ್ತಿದ್ದರಂತೆ. ಒಳಗೆ ಹೋಗುವಾಗ ಆಂಜನೇಯನಿಗೆ ಕೈಮುಗಿದು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಈಗ ನಾವು ಕ್ಲಾಸಿನ ಹಾಲ್ ಒಳಗೆ ಹೋಗುವಾಗ ತಲೆಬಾಗಿ ನಮಸ್ಕರಿಸುತ್ತೇವೆ, ಎರಡೂ ಒಂದೇ ಭಾವ. ವ್ಯತ್ಯಾಸ ಏನೆಂದರೆ, ನಮ್ಮ ತಾತನ ಗರಡಿಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ನನ್ನ ಅಜ್ಜಿ ಮಜ್ಜಿಗೆ ಕಡೆದು ಕೊಟ್ಟು ಕಳಿಸಿದ್ದೇ ಹೊರತು ಒಳಗೆ ಏನಿದೆ ಅಂತ ಒಂದು ದಿನವೂ ನೋಡಲಿಲ್ಲ.

ಜಪಾನಿನಲ್ಲೂ ಇಂಥದ್ದೇ ಒಂದು ಕಥೆ ಇದೆ. ಕಾನೋ ಅವರಿಗೆ ಜುಜುತ್ಸು ಅನ್ನುವ ಹಳೆಯ ಕುಸ್ತಿ ವಿದ್ಯೆ ಕಲಿಸಿದ ಗುರುಗಳೊಬ್ಬರ ಮೊಮ್ಮಗಳು ಕೆಯ್ಕೊ ಫುಕುದಾ. 1913ರಲ್ಲಿ ಹುಟ್ಟಿದವರು, ಐದಡಿಗೂ ಕಮ್ಮಿ ಎತ್ತರ. ಕಾನೋ ಅವರೇ ಆಕೆಯನ್ನು ಕರೆದು ಹೆಂಗಸರ ವಿಭಾಗಕ್ಕೆ ಸೇರಿಸಿಕೊಂಡರು. 1953ರಲ್ಲಿ ಐದನೇ ಡಾನ್, ಅಂದರೆ ಬ್ಲ್ಯಾಕ್ ಬೆಲ್ಟಿನ ಐದನೇ ದರ್ಜೆ ಬಂತು. ಅದಕ್ಕಿಂತ ಮೇಲೆ ಹೆಂಗಸರಿಗೆ ಕೊಡುವ ಪದ್ಧತಿ ಇರಲಿಲ್ಲ. ಆರನೆಯದು ಬಂದದ್ದು 1972ರಲ್ಲಿ. ಹತ್ತೊಂಬತ್ತು ವರ್ಷ ಒಂದೇ ಮೆಟ್ಟಿಲ ಮೇಲೆ ನಿಲ್ಲಿಸಿದರು. ಆಕೆ ಬಿಡಲಿಲ್ಲ. ಅಮೆರಿಕಕ್ಕೆ ಹೋಗಿ ಕಲಿಸುತ್ತಲೇ ಇದ್ದರು. 2011ರಲ್ಲಿ, 98ನೇ ವಯಸ್ಸಿನಲ್ಲಿ, ಅಮೆರಿಕದ ಜೂಡೋ ಸಂಸ್ಥೆ ಆಕೆಗೆ ಹತ್ತನೇ ಡಾನ್ ಕೊಟ್ಟಿತು. ಅಷ್ಟು ದೂರ ಹೋಗೋದು ಬೇಡ ಅಂದರೆ, ಪಕ್ಕದ ಕೇರಳದ ವಡಕರದಲ್ಲಿ ಮೀನಾಕ್ಷಿ ಅಮ್ಮ ಇದ್ದಾರೆ. ಸೀರೆ ಉಟ್ಟುಕೊಂಡೇ ಕಳರಿಪಯಟ್ಟು ಕಲಿಸುವವರು. ಎಪ್ಪತ್ತು ದಾಟಿದ ಮೇಲೆ, 2017ರಲ್ಲಿ, ಪದ್ಮಶ್ರೀ ಬಂತು. ನನಗೆ 45. ನಿಮಗೆಷ್ಟೇ ಆಗಿದ್ದರೂ ವಯಸ್ಸಿನ ಮಾತು ಬೇಡ.

ಬೆಲ್ಟಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ತಾಯಂದಿರು ಕೇಳುವ ಮೊದಲ ಪ್ರಶ್ನೆ "ಬ್ಲ್ಯಾಕ್ ಬೆಲ್ಟ್ ಎಷ್ಟು ದಿನಕ್ಕೆ?" ನಿಯಮಿತವಾಗಿ ಬಂದರೂ ಕಮ್ಮಿ ಅಂದರೆ ಮೂರು-ನಾಲ್ಕು ವರ್ಷ. ಒಂದು ವರ್ಷಕ್ಕೆ ಖಾತ್ರಿ ಅನ್ನುವ ಕಡೆ ಹೋಗಬೇಡಿ. ನಾವು ಮೊದಲು ಮಗಳನ್ನು ಸೇರಿಸಿದ್ದ ಇನ್ನೊಂದು ಕ್ಲಾಸಿನಲ್ಲಿ ಎರಡು ತಿಂಗಳಿಗೊಮ್ಮೆ ಟೆಸ್ಟು, ಪ್ರತಿ ಟೆಸ್ಟಿಗೂ ಹೊಸ ಫೀಸು. ಫೇಲ್ ಆದವರೇ ಇಲ್ಲ. ತಾಯಂದಿರು ಒಳಗೆ ಕೂರುವಂತಿಲ್ಲ, ಬಾಗಿಲು ಹಾಕುತ್ತಿದ್ದರು. ನನಗೆ ಬಣ್ಣದ ಬೆಲ್ಟಿಗಿಂತ ಆ ಬಾಗಿಲು ಹೆಚ್ಚು ಕಾಡಿತು. ಬಿಡಿಸಿಕೊಂಡು ಬಂದೆ.

ಕ್ಲಾಸು ಹುಡುಕುವಾಗ ದುಡ್ಡು ಕೊಡುವ ಮೊದಲು ಒಂದು ಪೂರ್ತಿ ಕ್ಲಾಸು ಕೂತು ನೋಡಿ. ಕೂರಲು ಬಿಡದಿದ್ದರೆ ಅಲ್ಲಿಗೆ ಮುಗಿಯಿತು. ಗೋಡೆ ಮೇಲಿನ ಟ್ರೋಫಿಗಳನ್ನು ನೋಡಬೇಡಿ, ಹಿಂದಿನ ಸಾಲಿನ ಮಗುವನ್ನು ನೋಡಿ. ಸರಿಯಾಗಿ ಬಾರದ ಮಗುವಿನ ಜೊತೆ ಕಲಿಸುವವರು ಹೇಗೆ ಮಾತಾಡುತ್ತಾರೆ? ಮೈ ಮುಟ್ಟಿ ತಿದ್ದಬೇಕಾದಾಗ ಹೇಳಿ, ಕೇಳಿ ಮುಟ್ಟುತ್ತಾರಾ? ಸ್ಪಾರಿಂಗ್, ಅಂದರೆ ಇಬ್ಬರ ನಡುವೆ ಹೊಡೆದಾಟದ ಅಭ್ಯಾಸ ಮಾಡಿಸುವಾಗ ಹಲ್ಲಿನ ಗಾರ್ಡು, ಕೈಗೆ ಗ್ಲೌಸು ಇದೆಯಾ? ಚಿಕ್ಕ ಮಕ್ಕಳ ತಲೆಗೆ ಹೊಡೆಯಲು ಬಿಡುತ್ತಾರಾ? ಪ್ರಥಮ ಚಿಕಿತ್ಸೆಯ ಡಬ್ಬಿ ತೆರೆದು ನೋಡಿ, ಖಾಲಿ ಇರುವುದೂ ಉಂಟು. ತಟ್ಟಿದಾಗ ಬಿಡುತ್ತಾರಾ ಅಂತ ಮರೆಯದೆ ನೋಡಿ. ಕರಾಟೆಯೋ, ಟೇಕ್ವಾಂಡೋ, ಜೂಡೋ ಅನ್ನೋದು ಇವೆಲ್ಲ ಆದ ಮೇಲಿನ ಪ್ರಶ್ನೆ. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಆತ್ಮರಕ್ಷಣೆಯ ತರಬೇತಿ ಯೋಜನೆ ಇದೆ, ನಮ್ಮ ರಾಜ್ಯದ ಹಾಸ್ಟೆಲುಗಳಿಗೆ ಒನಕೆ ಓಬವ್ವನ ಹೆಸರಿನಲ್ಲಿ ಇದೆ. ನಿಮ್ಮ ಮಗಳ ಶಾಲೆಯಲ್ಲಿ ನಡೆಯುತ್ತಿದೆಯಾ ಅಂತ ಹೋಗಿ ಕೇಳಿ. ಕೇಳುವವರು ಇದ್ದರೆ ಚೆನ್ನಾಗಿ ನಡೆಯುತ್ತದೆ.

ಕಾನೂನಿನ ಭಯ ಹಲವರಿಗೆ ಇದೆ. ತಿರುಗಿ ಹೊಡೆದರೆ ನಮ್ಮ ಮೇಲೇ ಕೇಸು ಆಗುತ್ತಾ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಈ ವಿಷಯಕ್ಕೇ ಇವೆ. ನಿಮ್ಮ ಮೈಯನ್ನು, ಇನ್ನೊಬ್ಬರ ಮೈಯನ್ನೂ ಕಾಪಾಡುವ ಹಕ್ಕು ನಿಮಗಿದೆ. ಆದರೆ ಕಾಪಾಡಿಕೊಳ್ಳಲು ಎಷ್ಟು ಬೇಕೋ ಅಷ್ಟೇ. ಅವನು ಬಿದ್ದು, ಅಪಾಯ ಮುಗಿದ ಮೇಲೂ ಹೊಡೆಯುತ್ತಿದ್ದರೆ ಅದು ರಕ್ಷಣೆ ಅಲ್ಲ. ತಟ್ಟಿದರೆ ಬಿಡುವ ಅಭ್ಯಾಸ ಇದ್ದವರಿಗೆ ಈ ಗೆರೆ ಕೈಗೇ ಗೊತ್ತಿರುತ್ತದೆ. ಫೋನಿನಲ್ಲಿ ತುರ್ತು ಸಹಾಯದ 112 ಇಟ್ಟುಕೊಳ್ಳಿ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಮಕ್ಕಳಿಗೆ ಈ ಮೂರೂ ಬಾಯಿಪಾಠ ಇರಲಿ.

ಚಾಕು ಹಿಡಿದವನಿಂದ ಚಾಕು ಕಸಿಯುವುದನ್ನು ಕಲಿಸಿ ಅಂತ ಹುಡುಗರು ಕೇಳುತ್ತಾರೆ. ಪರ್ಸು ಕೇಳಿದರೆ ಪರ್ಸು ಎಸೆದು ಇನ್ನೊಂದು ಕಡೆ ಓಡಿ. ಅದೇ ಪಾಠ. ಭಯದಲ್ಲಿ ಬೆರಳು ನಡುಗುತ್ತವೆ, ನೋಟ ಕಿರಿದಾಗುತ್ತದೆ, ನಾಜೂಕಿನ ಪಟ್ಟು ಯಾವುದೂ ನೆನಪಾಗಲ್ಲ. ಅದಕ್ಕೇ ನಾವು ಹೆಂಗಸರಿಗೆ ಕಲಿಸೋದು ದಪ್ಪ ಚಲನೆಗಳು. ಅಂಗೈಯ ಬುಡ, ಮೊಣಕೈ, ಮಂಡಿ. ಬಿಡಿಸಿಕೊಂಡು ಓಡುವಷ್ಟು ಸಮಯ ಸಿಕ್ಕರೆ ಸಾಕು.

ಹಾಸನಾಂಬೆಯ ವಿಷಯ ಹೇಳದೆ ಹೋದರೆ ಈ ಊರಿನಲ್ಲಿ ಮಾತಾಡಿದ ಹಾಗಾಗಲ್ಲ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಗುಡಿಯ ಬಾಗಿಲು ತೆರೆದರೆ ಊರು ತುಂಬಾ ಜನ, ಗಂಟೆಗಟ್ಟಲೆ ಸಾಲು. ನೂಕುನುಗ್ಗಲಿನಲ್ಲಿ ಅಪಾಯ ಕೆಟ್ಟವರಿಂದ ಬರಲ್ಲ, ಎಲ್ಲರ ಭಾರದಿಂದ ಬರುತ್ತದೆ. ಎರಡೂ ಕೈಯನ್ನು ಎದೆಯ ಮುಂದೆ ಮಡಚಿ, ಪಕ್ಕೆಲುಬಿಗೂ ಮುಂದಿನವರ ಬೆನ್ನಿಗೂ ನಡುವೆ ಒಂದು ಗೇಣು ಜಾಗ ಇಟ್ಟುಕೊಳ್ಳಿ. ಆ ಗೇಣು ನಿಮ್ಮ ಉಸಿರು. ಹಿಂದಿನಿಂದ ಅಲೆ ಬಂದಾಗ ಎದುರು ಒತ್ತಬೇಡಿ. ಅಲೆ ನಿಂತಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಬಿದ್ದ ಚಪ್ಪಲಿ, ಮೊಬೈಲಿಗೆ ಬಗ್ಗಬೇಡಿ. ಮಗುವನ್ನು ನೆಲಕ್ಕೆ ಬಿಡದೆ ಎತ್ತಿಕೊಳ್ಳಿ. ನಮ್ಮ ಕ್ಲಾಸಿನಲ್ಲಿ ದೀಪಾವಳಿಗೆ ಮೊದಲು ಒಂದು ಸಂಜೆ ಇದನ್ನೇ ಮಾಡಿಸುತ್ತೇವೆ, ಮೂವತ್ತು ಜನರನ್ನು ಒಂದು ಮೂಲೆಗೆ ನಿಧಾನವಾಗಿ ಒತ್ತಿ. ನಗುತ್ತಾ ಶುರುವಾಗುತ್ತದೆ, ಎರಡು ನಿಮಿಷಕ್ಕೆ ಎಲ್ಲರೂ ಮೌನವಾಗುತ್ತಾರೆ, ಆಮೇಲೆ ಕೈ ಮಡಚಲು ಯಾರಿಗೂ ಹೇಳಬೇಕಾಗಲ್ಲ.

ಸರಿ, ಮಾತು ಸಾಕು. ಕುರ್ಚಿಗಳನ್ನು ಗೋಡೆಗೆ ಸರಿಸಿ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಬಳೆ ಇದ್ದವರು ಮೇಲಕ್ಕೆ ಸರಿಸಿ. ಇಬ್ಬಿಬ್ಬರು ಎದುರುಬದುರು ನಿಲ್ಲಿ. ಒಬ್ಬರು ಇನ್ನೊಬ್ಬರ ಮಣಿಕಟ್ಟು ಹಿಡಿಯಿರಿ, ಗಟ್ಟಿಯಾಗಿ. ಹಿಡಿದವರ ಕೈ ನೋಡಿ. ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ಅವೆರಡೂ ಸೇರುವ ಸಂದಿಯೇ ಬಾಗಿಲು. ನಿಮ್ಮ ಕಡೆಗೆ ಎಳೆದರೆ ಬರಲ್ಲ, ಎಳೆದು ನೋಡಿ. ಬರಲಿಲ್ಲ ಅಲ್ವಾ? ಈಗ ಕೈಯ ತೆಳ್ಳಗಿನ ಅಂಚು ಆ ಸಂದಿಗೆ ಬರುವ ಹಾಗೆ ತಿರುಗಿಸಿ. ಒಂದು ಹೆಜ್ಜೆ ಅವರ ಕಡೆಗೇ ಇಡಿ, ಮೊಣಕೈಯನ್ನು ಅವರ ಮೊಣಕೈ ಹತ್ತಿರಕ್ಕೆ ತೂರಿಸಿ. ಬಂತಾ? ನೋವಾದವರು ಎರಡು ಸಲ ತಟ್ಟಿ. ತಟ್ಟಿದರೆ ಬಿಡಬೇಕು, ಎಲ್ಲರೂ ನೆನಪಿಟ್ಟುಕೊಳ್ಳಿ. ಇನ್ನೊಂದು ಸಲ ಮಾಡೋಣ. ಈ ಸಲ ಕೈ ಬಿಡಿಸಿಕೊಳ್ಳುವಾಗ ಹೊಟ್ಟೆಯಿಂದ ಕೂಗಬೇಕು. ಹಿಂದಿನ ಸಾಲಿನ ಆ ಹಸಿರು ಸೀರೆಯ ಅಮ್ಮ, ನಿಮ್ಮ ದನಿ ನನಗೆ ಇಲ್ಲಿಯವರೆಗೂ ಕೇಳಬೇಕು. ಒಂದು, ಎರಡು, ಮೂರು.